ಓಟು ಅಷ್ಟೇ ಇದೆ, ಸೀಟು ಎಲ್ಲೋಯ್ತು? 2024ರ ಲೋಕಸಭೆ ಲೆಕ್ಕ

2024 ಜೂನ್ 4ರ ರಾತ್ರಿ ಊಟಕ್ಕೆ ಕೂತಿದ್ದೆ, ನಮ್ಮ ಸೋದರಮಾವ ಫೋನ್ ಮಾಡಿದ್ರು. ಮಂಡ್ಯ ಕಡೆಯವರು, ಎರಡು ಸಲ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದವರು, ಮೂರನೇ ಸಲ ಸೋತವರು, ಬೆಳಿಗ್ಗೆಯಿಂದ ಟಿವಿ ಮುಂದೆ ಅಲ್ಲಾಡದೆ ಕೂತಿದ್ರಂತೆ. "ಅಲ್ಲ ಕಣ್ಲಾ, ಹೋದ್ಸಲ ಬಿಜೆಪಿಗೆ 37 ಪರ್ಸೆಂಟ್ ಓಟು, 303 ಸೀಟು. ಈ ಸಲ ಮೂವತ್ತಾರೂವರೆ ಪರ್ಸೆಂಟು, 240 ಸೀಟು. ಮುಕ್ಕಾಲು ಪರ್ಸೆಂಟಿಗೆ 63 ಸೀಟು ಹೋಯ್ತದಾ? ಎಲ್ಲೋ ಏನೋ ಆಟ ಆಡವ್ರೆ."

ಪ್ರಶ್ನೆ ಸರಿಯಾಗೇ ಇತ್ತು, ಆಟ ಆಡವ್ರೆ ಅನ್ನೋದು ಮಾತ್ರ ಸರಿ ಇರ್ಲಿಲ್ಲ. ಅವತ್ತು ಅವರಿಗೆ ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನ ಈಗ ಕೂತು ಸರಿಯಾಗಿ ಬರೀತಿದ್ದೀನಿ. ಯಾವ ಪಾರ್ಟಿ ಒಳ್ಳೇದು ಯಾವುದು ಕೆಟ್ಟದ್ದು ಅನ್ನೋ ಜಗಳ ಇಲ್ಲಿ ಬೇಡ, ಅದಕ್ಕೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪೇ ಸಾಕು.

ಮೊದಲು ಅಂಕಿ ಮುಂದೆ ಇಟ್ಕೊಳೋಣ. ಓಟರ್ ಲಿಸ್ಟಲ್ಲಿ ಹತ್ತಿರ ಹತ್ತಿರ 97 ಕೋಟಿ ಜನ, ಓಟು ಹಾಕಿದ್ದು 64 ಕೋಟಿ ಚಿಲ್ಲರೆ, ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತ, ಒಟ್ಟು 543 ಸೀಟು, ಅದರಲ್ಲಿ ಸೂರತ್ ಒಂದು ಕಡೆ ಎದುರಾಳಿನೇ ಉಳೀದೆ ಅವಿರೋಧ ಆಯ್ಕೆ ಆಯ್ತು. ಬಿಜೆಪಿಗೆ ಶೇ 36.56 ಓಟು, 240 ಸೀಟು. ಕಾಂಗ್ರೆಸ್‌ಗೆ ಶೇ 21.19 ಓಟು, 99 ಸೀಟು. 2019ರಲ್ಲಿ ಕಾಂಗ್ರೆಸ್‌ಗೆ ಇದ್ದಿದ್ದು ಹತ್ತೊಂಬತ್ತೂವರೆ ಪರ್ಸೆಂಟು, 52 ಸೀಟು. ಅಂದ್ರೆ ಮಾವ ಕೇಳಿದ ಪ್ರಶ್ನೆನ ತಿರುಗಿಸಿ ಈ ಕಡೆಯಿಂದಲೂ ಕೇಳಬಹುದು, ಎರಡು ಪರ್ಸೆಂಟೂ ಏರಿಲ್ಲ, ಸೀಟು ಹತ್ತಿರ ಹತ್ತಿರ ಡಬಲ್ ಆಗಿದ್ದು ಹೆಂಗೆ?

ಉತ್ತರ ಮಾವನ ಪಂಚಾಯ್ತಿಲೇ ಇದೆ. ಲೋಕಸಭೆ ಚುನಾವಣೆ ಅನ್ನೋದು ಒಂದು ಚುನಾವಣೆ ಅಲ್ಲ, ಒಂದೇ ಬೇಸಿಗೇಲಿ ನಡೆಯೋ 543 ಬೇರೆ ಬೇರೆ ಚುನಾವಣೆ. ಇಡೀ ದೇಶದಲ್ಲಿ ಒಂದು ಪಾರ್ಟಿಗೆ ಎಷ್ಟು ಓಟು ಬಂತು ಅಂತ ಕೂಡಿಸಿ ಸೀಟು ಹಂಚೋ ಕೆಲಸ ನಮ್ಮಲ್ಲಿ ಯಾರೂ ಮಾಡಲ್ಲ, ಆ ಪರ್ಸೆಂಟು ಎಲ್ಲ ಮುಗಿದ ಮೇಲೆ ತೆಗೆಯೋ ಲೆಕ್ಕ ಅಷ್ಟೇ. ಪ್ರತಿ ಕ್ಷೇತ್ರದಲ್ಲಿ ಯಾರಿಗೆ ಒಂದೇ ಒಂದು ಓಟು ಜಾಸ್ತಿನೋ ಅವರು ಎಂಪಿ, ಅರ್ಧಕ್ಕಿಂತ ಜಾಸ್ತಿ ಬರಬೇಕು ಅಂತ ರೂಲ್ಸೂ ಇಲ್ಲ.

ಒಂದು ಪಂಚಾಯ್ತಿ ಅಂದ್ಕೊಳ್ಳಿ. ಐದು ವಾರ್ಡು, ವಾರ್ಡಿಗೆ ನೂರು ಓಟು, ವಾರ್ಡಿಗೊಬ್ಬ ಮೆಂಬರು. ಹಳೇ ಗುಂಪು, ಹೊಸ ಗುಂಪು ಅಂತ ಎರಡು ಬಣ. ಹೊಸ ಗುಂಪು ಮೂರು ವಾರ್ಡಲ್ಲಿ ತಲಾ 51 ಓಟು ತಗೊಂಡು ಗೆಲ್ತು, ಉಳಿದ ಎರಡರಲ್ಲಿ ತಲಾ 20 ತಗೊಂಡು ಮಣ್ಣು ಮುಕ್ತು. ಕೂಡಿಸಿ ನೋಡಿ, ಹೊಸ ಗುಂಪಿಗೆ 193 ಓಟು, ಹಳೇ ಗುಂಪಿಗೆ 307. ಆದ್ರೆ ಮೆಂಬರು ಮೂರು ಹೊಸಬರದು, ಎರಡು ಹಳಬರದು, ಅಧ್ಯಕ್ಷನೂ ಹೊಸಬರ ಕಡೆಯವನೇ ಆಗ್ತಾನೆ ಯಾಕಂದ್ರೆ ನಮ್ಮಲ್ಲಿ ಪಂಚಾಯ್ತಿ ಅಧ್ಯಕ್ಷನನ್ನ ಊರಿನವರು ನೇರ ಆರಿಸಲ್ಲ, ಮೆಂಬರ್‌ಗಳು ಆರಿಸ್ತಾರೆ, ಪ್ರಧಾನಿ ವಿಷಯನೂ ಹೆಚ್ಚುಕಮ್ಮಿ ಹಿಂಗೇ. ಹಳೇ ಗುಂಪಿನವರು ಎರಡು ವಾರ್ಡಲ್ಲಿ 80, 80 ತಗೊಂಡ್ರಲ್ಲ, ಅದರಲ್ಲಿ 21ನೇ ಓಟಿಂದ ಆಚೆಗಿರೋದೆಲ್ಲ ಬರೀ ಮೆರವಣಿಗೆ ಖುಷಿಗೆ, ಲೆಕ್ಕಕ್ಕೆ ಇಲ್ಲ. ಇದನ್ನ ಹೇಳಿದಾಗ ಮಾವ ಒಂದು ನಿಮಿಷ ಸುಮ್ನಾದ್ರು, ಅವರು ಸೋತಿದ್ದು 11 ಓಟಿಂದ.

ಈಗ ನಿಜವಾದ ಕ್ಷೇತ್ರಗಳಿಗೆ ಬನ್ನಿ. ಬೆಂಗಳೂರು ಗ್ರಾಮಾಂತರದಲ್ಲಿ ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ ಗೆದ್ದಿದ್ದು ಸುಮಾರು 2.69 ಲಕ್ಷ ಓಟಿಂದ, ದಾವಣಗೆರೆಯಲ್ಲಿ ಕಾಂಗ್ರೆಸ್‌ನ ಪ್ರಭಾ ಮಲ್ಲಿಕಾರ್ಜುನ್ ಗೆದ್ದಿದ್ದು ಸುಮಾರು 26 ಸಾವಿರದಿಂದ. ಹತ್ತು ಪಟ್ಟು ವ್ಯತ್ಯಾಸ, ಸಂಸತ್ತಲ್ಲಿ ಇಬ್ಬರಿಗೂ ಇರೋದು ಒಂದೇ ಕುರ್ಚಿ. ಮುಂಬೈ ವಾಯವ್ಯದಲ್ಲಂತೂ ಇವಿಎಂ ಓಟೆಲ್ಲ ಎಣಿಸಿದಾಗ ಉದ್ಧವ್ ಸೇನೆಯ ಅಮೋಲ್ ಕೀರ್ತಿಕರ್ ಒಂದೇ ಒಂದು ಓಟು ಮುಂದಿದ್ರು, ಅಂಚೆ ಮತ ಸೇರಿಸಿದಾಗ ಶಿಂಧೆ ಸೇನೆಯ ರವೀಂದ್ರ ವಾಯ್ಕರ್ 48 ಓಟಿಂದ ಗೆದ್ರು. ಒಂಬತ್ತು ಲಕ್ಷ ಓಟು ಇಬ್ಬರೇ ಹಂಚ್ಕೊಂಡಿದ್ದ ಕ್ಷೇತ್ರದಲ್ಲಿ 48.

ಇದು ಅರ್ಥ ಆದ್ರೆ ಒಡಿಶಾ ಅರ್ಥ ಆಗುತ್ತೆ, ನನ್ನ ಪ್ರಕಾರ 2024ರ ಅತಿ ವಿಚಿತ್ರ ರಿಸಲ್ಟ್ ಅದು, ಉತ್ತರ ಪ್ರದೇಶದ ಗಲಾಟೇಲಿ ಯಾರೂ ಅಷ್ಟು ಮಾತಾಡ್ಲಿಲ್ಲ. ನವೀನ್ ಪಟ್ನಾಯಕ್ ಅವರ ಬಿಜೆಡಿಗೆ ಲೋಕಸಭೆಗೆ ಬಂದ ಓಟು ಮೂವತ್ತೇಳೂವರೆ ಪರ್ಸೆಂಟು. ಸೀಟು ಸೊನ್ನೆ. 21ರಲ್ಲಿ ಬಿಜೆಪಿಗೆ 20, ಕಾಂಗ್ರೆಸ್‌ಗೆ 1. ದೇಶದ ಲೆಕ್ಕದಲ್ಲಿ ಅಷ್ಟೇ ಪರ್ಸೆಂಟಿಗೆ 240 ಸೀಟು ಬರುತ್ತೆ, ಒಡಿಶಾದಲ್ಲಿ ಒಂದೂ ಬರಲ್ಲ. ಅಲ್ಲಿ ವಿಧಾನಸಭೆಗೂ ಅದೇ ದಿನಗಳಲ್ಲೇ ಓಟು ಆಗಿತ್ತಲ್ಲ, ಅದು ಇನ್ನೂ ಮಜಾ, ಬಿಜೆಡಿಗೆ ಶೇ 40.22, ಬಿಜೆಪಿಗೆ ಶೇ 40.07, ಅಂದ್ರೆ ಬಿಜೆಡಿಗೇ ಕೂದಲೆಳೆ ಜಾಸ್ತಿ, ಆದ್ರೆ ಸೀಟು 51 ಮತ್ತು 78. 24 ವರ್ಷ ಸಿಎಂ ಆಗಿದ್ದವರು ಜಾಸ್ತಿ ಓಟು ತಗೊಂಡೂ ಮನೆಗೆ ಹೋದ್ರು.

ನಮ್ಮ ಕಡೆ ಕೆರೆ ಕೋಡಿ ಬೀಳೋದು ಗೊತ್ತಲ್ಲ. ಕೆರೆ ಮುಕ್ಕಾಲು ತುಂಬಿದ್ರೂ ಕೋಡಿ ಕಡೆ ಒಂದು ಹನಿ ನೀರು ಹರಿಯಲ್ಲ. ಕೋಡಿ ಮಟ್ಟಕ್ಕೆ ಬಂದ ಮೇಲೆ ನಾಲ್ಕು ಬೆರಳು ಮಳೆ ಬಂದ್ರೂ ಸಾಕು ಹಳ್ಳ ತುಂಬಿ ಹರಿಯುತ್ತೆ, ಹಂಗೇ ನಾಲ್ಕು ಬೆರಳು ಇಳಿದ್ರೂ ಸಾಕು ಪೂರ್ತಿ ನಿಂತೋಗುತ್ತೆ. ಓಟು ಅಂದ್ರೆ ಕೆರೆ ನೀರು, ಸೀಟು ಅಂದ್ರೆ ಕೋಡಿ ಮೇಲೆ ಹರಿಯೋದು. 2024ರಲ್ಲಿ ಬಿಜೆಪಿಗೆ ಆಗಿದ್ದೇನು ಅಂದ್ರೆ, ಕೋಡಿ ಮಟ್ಟದಲ್ಲಿದ್ದ ಕೆರೆಗಳಲ್ಲಿ ನೀರು ಇಳೀತು, ಅರ್ಧವೂ ತುಂಬಿರದ ಕೆರೆಗಳಲ್ಲಿ ನೀರು ಏರ್ತು. ಎಲ್ಲ ಕೆರೆ ಸೇರಿಸಿ ಅಳೆದ್ರೆ ನೀರು ಹೆಚ್ಚುಕಮ್ಮಿ ಅಷ್ಟೇ. ಕೋಡಿ ಹರಿದಿದ್ದು ಮಾತ್ರ ಕಮ್ಮಿ.

ಏರಿದ ಕಡೆ ನೋಡಿ. ಪಂಜಾಬಲ್ಲಿ 2019ರಲ್ಲಿ ಅಲ್ಲಿನ ಅಕಾಲಿ ದಳದ ಜೊತೆ ಸೇರಿ ಬಿಜೆಪಿ ನಿಂತಿದ್ದೇ ಮೂರು ಕಡೆ, ಒಂಬತ್ತು ಚಿಲ್ಲರೆ ಪರ್ಸೆಂಟು ಬಂದು ಎರಡು ಸೀಟು ಗೆದ್ದಿತ್ತು. 2024ರಲ್ಲಿ ಒಬ್ಬಂಟಿಯಾಗಿ 13 ಕಡೆನೂ ನಿಂತು ಹದಿನೆಂಟೂವರೆ ಪರ್ಸೆಂಟು ತಗೊಳ್ತು, ಓಟು ಡಬಲ್, ಸೀಟು ಸೊನ್ನೆ! ತಮಿಳುನಾಡಲ್ಲಿ ಶೇ 3.6 ಇದ್ದಿದ್ದು 11 ದಾಟ್ತು, ಅಲ್ಲೂ ಜಾಸ್ತಿ ಕಡೆ ನಿಂತಿದ್ದು ಒಂದು ಕಾರಣ, ಸೀಟು ಆಗಲೂ ಸೊನ್ನೆ ಈಗಲೂ ಸೊನ್ನೆ, 39ಕ್ಕೆ 39 ಡಿಎಂಕೆ ಕೂಟಕ್ಕೆ ಹೋಯ್ತು. ಪಾಪ ಅಣ್ಣಾಡಿಎಂಕೆಗೆ 20 ಪರ್ಸೆಂಟು ದಾಟಿದ್ರೂ ಏನೂ ಸಿಗ್ಲಿಲ್ಲ. ಕೇರಳದಲ್ಲಿ 13ರಿಂದ ಹದಿನಾರೂವರೆ ಆಗಿ ತ್ರಿಶೂರು ಅಂತ ಒಂದೇ ಒಂದು ಸೀಟು. ಏರಿದ್ದಕ್ಕೆ ಸರಿಯಾಗಿ ಫಲ ಸಿಕ್ಕಿದ್ದು ಅಂದ್ರೆ ಒಡಿಶಾ, ಅಲ್ಲಿ 8 ಇದ್ದಿದ್ದು 20 ಆಯ್ತು, ಆಮೇಲೆ ತೆಲಂಗಾಣ, 4 ಇದ್ದಿದ್ದು 8.

ಇಳಿದ ಕಡೆ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಮಹಾರಾಷ್ಟ್ರದಲ್ಲಿ ಬಿಜೆಪಿ ಓಟು ಶೇ 27.8ರಿಂದ 26.2ಕ್ಕೆ ಇಳೀತು, ಒಂದೂವರೆ ಪರ್ಸೆಂಟ್ ಚಿಲ್ಲರೆ, ಸೀಟು ಮಾತ್ರ 23ರಿಂದ 9ಕ್ಕೆ. ಯಾಕಂದ್ರೆ 2019ರಲ್ಲಿ ಶಿವಸೇನೆ ಇಡಿಯಾಗಿ ಜೊತೆಗಿತ್ತು, ಆಮೇಲೆ ಸೇನೆನೂ ಒಡೀತು ಎನ್‌ಸಿಪಿನೂ ಒಡೀತು, ಪಾರ್ಟಿ ಹೆಸರು ಚಿಹ್ನೆ ಈ ಕಡೆ ಬಂದ್ರೂ ಓಟರುಗಳಲ್ಲಿ ಬೇಕಾದಷ್ಟು ಜನ ಆ ಕಡೆನೇ ಉಳಿದ್ರು. ರಾಜಸ್ಥಾನದಲ್ಲಿ 24 ಇದ್ದಿದ್ದು 14, ಹರಿಯಾಣದಲ್ಲಿ 10 ಇದ್ದಿದ್ದು 5, ಬಂಗಾಳದಲ್ಲಿ 18 ಇದ್ದಿದ್ದು 12.

ಉತ್ತರ ಪ್ರದೇಶನ ಸ್ವಲ್ಪ ನಿಂತು ನೋಡಬೇಕು, 63ರಲ್ಲಿ ಹತ್ತಿರ ಹತ್ತಿರ ಅರ್ಧ ಪೆಟ್ಟು ಅಲ್ಲೇ ಬಿದ್ದಿದ್ದು, 62 ಇದ್ದಿದ್ದು 33 ಆಯ್ತು. 2019ರಲ್ಲಿ ಬಿಜೆಪಿಗೆ ಅಲ್ಲಿ ಹತ್ತಿರ ಹತ್ತಿರ 50 ಪರ್ಸೆಂಟ್ ಓಟಿತ್ತು, ಅಷ್ಟು ಓಟಿದ್ರೆ ಎದುರು ಯಾರ ಜೊತೆ ಯಾರು ಸೇರಿದ್ರೂ ಅಲ್ಲಾಡಲ್ಲ, ಅಖಿಲೇಶ್ ಯಾದವ್ ಅವರ ಎಸ್‌ಪಿ, ಮಾಯಾವತಿ ಅವರ ಬಿಎಸ್‌ಪಿ ಎರಡೂ ಕೈ ಜೋಡಿಸಿ ನಿಂತಿದ್ವು, ಎಸ್‌ಪಿ ಗೆದ್ದಿದ್ದು ಬರೀ 5. 2024ರಲ್ಲಿ ಬಿಜೆಪಿ 41 ಚಿಲ್ಲರೆಗೆ ಇಳೀತು. ಅಖಿಲೇಶ್ ಈ ಸಲ ಕಾಂಗ್ರೆಸ್ ಜೊತೆ ಹೋದ್ರು, ಎಸ್‌ಪಿಗೆ ಶೇ 33.6, ಕಾಂಗ್ರೆಸ್‌ಗೆ ಶೇ 9.5, ಕೂಡಿಸಿದ್ರೆ 43. ಈ ಕಡೆ ಬಿಜೆಪಿ ಮಿತ್ರರದ್ದೆಲ್ಲ ಸೇರಿಸಿದ್ರೆ ಅದೂ 43ರ ಆಸುಪಾಸು, ತಕ್ಕಡಿ ಸಮ ಸಮ. ಸೀಟು ನೋಡಿದ್ರೆ ಎಸ್‌ಪಿ 37, ಕಾಂಗ್ರೆಸ್ 6, ಬಿಜೆಪಿ ಕೂಟ 36. ಎಸ್‌ಪಿ ಟಿಕೆಟ್ ಹಂಚಿದ್ದೂ ಒಂದು ಕಾರಣ, ಯಾದವರಿಗೆ ಕಮ್ಮಿ ಮಾಡಿ ಬೇರೆ ಹಿಂದುಳಿದವರಿಗೆ, ದಲಿತರಿಗೆ ಜಾಸ್ತಿ ಕೊಟ್ರು. ಅಯೋಧ್ಯೆ ಇರೋ ಫೈಜಾಬಾದ್ ಜನರಲ್ ಸೀಟು, ಅಲ್ಲಿ ದಲಿತ ನಾಯಕ ಅವಧೇಶ್ ಪ್ರಸಾದ್ ಅವರನ್ನ ನಿಲ್ಲಿಸಿದ್ರು, ಅವರು 54 ಸಾವಿರ ಚಿಲ್ಲರೆ ಓಟಿಂದ ಗೆದ್ರು, ರಾಮಮಂದಿರ ಉದ್ಘಾಟನೆ ಆಗಿ ಐದು ತಿಂಗಳೂ ಆಗಿರ್ಲಿಲ್ಲ.

ಮಾಯಾವತಿ ಅವರ ಕಥೆ ಇದಕ್ಕೆ ಉಲ್ಟಾ. 2019ರಲ್ಲಿ ಮೈತ್ರಿಯಲ್ಲಿದ್ದಾಗ ಬಿಎಸ್‌ಪಿಗೆ 10 ಸೀಟು, 2024ರಲ್ಲಿ ಯಾರ ಸಂಗವೂ ಬೇಡ ಅಂತ ಒಬ್ಬರೇ ನಿಂತ್ರು, ಉತ್ತರ ಪ್ರದೇಶದಲ್ಲಿ ಶೇ 9.39 ಓಟು, ಸೀಟು ಇಲ್ಲ. ಅದೇ ರಾಜ್ಯದಲ್ಲಿ ಕಾಂಗ್ರೆಸ್‌ಗೂ ಹೆಚ್ಚುಕಮ್ಮಿ ಅಷ್ಟೇ ಓಟು ಬಂದು 6 ಸೀಟು ಸಿಕ್ತು. ಒಂದು ಪಾರ್ಟಿ 17 ಕಡೆ ಮಾತ್ರ ನಿಂತು, ಅಲ್ಲಿ ಮಿತ್ರನ ಓಟನ್ನೂ ಸೇರಿಸ್ಕೊಂಡು ಗೆಲ್ತು, ಇನ್ನೊಂದು ಪಾರ್ಟಿ ರಾಜ್ಯದ ತುಂಬ ತೆಳ್ಳಗೆ ನೀರು ಚಿಮುಕಿಸ್ತು.

ಹಂಗಂತ ಮೈತ್ರಿ ಲೆಕ್ಕದಲ್ಲಿ ಮೋಸ ಹೋಗೋದೂ ಸುಲಭ, ನಾನೇ ಹೋಗಿದ್ದೀನಿ. ರಿಸಲ್ಟ್ ಬಂದ ಮರುದಿನ ಒಂದು ಮೆಸೇಜ್ ಓಡಾಡ್ತಿತ್ತು, ಕರ್ನಾಟಕದಲ್ಲಿ ಬಿಜೆಪಿಗೆ ಶೇ 46.06, ಕಾಂಗ್ರೆಸ್‌ಗೆ ಶೇ 45.43, ಅರ್ಧ ಪರ್ಸೆಂಟ್ ವ್ಯತ್ಯಾಸಕ್ಕೆ ಬಿಜೆಪಿ 17 ಕಾಂಗ್ರೆಸ್ 9, ಇದೆಂಥ ನ್ಯಾಯ ಅಂತ. ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಆಮೇಲೆ ಹೊಳೀತು, ಕಾಂಗ್ರೆಸ್ ನಿಂತಿದ್ದು 28 ಕಡೆನೂ, ಬಿಜೆಪಿ ನಿಂತಿದ್ದು 25 ಕಡೆ, ಮಂಡ್ಯ ಹಾಸನ ಕೋಲಾರ ಜೆಡಿಎಸ್‌ಗೆ ಬಿಟ್ಟಿತ್ತು. ಜೆಡಿಎಸ್‌ನ ಶೇ 5.6 ಸೇರಿಸಿದ್ರೆ ಆ ಕೂಟಕ್ಕೆ 51 ದಾಟುತ್ತೆ, ಸೀಟು 19. ಆಗಲೂ ಓಟಿಗಿಂತ ಸೀಟು ಜಾಸ್ತಿನೇ, ಆದ್ರೆ ಆ ಮೆಸೇಜಲ್ಲಿದ್ದಷ್ಟು ವಿಪರೀತ ಅಲ್ಲ. ಕಾಂಗ್ರೆಸ್ ಓಟು ಎಲ್ಲಿ ಗಟ್ಟಿಯಾಗಿತ್ತು ಅನ್ನೋದೂ ನೋಡಿ, ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಕಲ್ಯಾಣ ಕರ್ನಾಟಕದ ಐದಕ್ಕೆ ಐದೂ ಕಾಂಗ್ರೆಸ್. ಬೆಂಗಳೂರು ಸುತ್ತ ನಾಲ್ಕಕ್ಕೆ ನಾಲ್ಕೂ ಬಿಜೆಪಿ.

ಈ ಓಟು ಎಲ್ಲಿ ಬಿತ್ತು ಅನ್ನೋದು ಎಷ್ಟು ಬಿತ್ತು ಅನ್ನೋದಕ್ಕಿಂತ ದೊಡ್ಡದು ಅಂತ ಇನ್ನೊಂದು ಜೋಡಿ ಅಂಕಿ ತೋರಿಸುತ್ತೆ, ನನಗೆ ಬಹಳ ಇಷ್ಟ ಇದು. 2009ರಲ್ಲಿ ಬಿಜೆಪಿಗೆ ದೇಶದಲ್ಲಿ ಶೇ 18.8 ಓಟು, ಸೀಟು 116. 2014ರಲ್ಲಿ ಕಾಂಗ್ರೆಸ್‌ಗೆ ಶೇ 19 ಚಿಲ್ಲರೆ, ಅಂದ್ರೆ ಅದಕ್ಕಿಂತ ಸ್ವಲ್ಪ ಜಾಸ್ತಿನೇ, ಸೀಟು 44. ಬಿಜೆಪಿ ಓಟು ಕೆಲವೇ ರಾಜ್ಯಗಳಲ್ಲಿ ಗಟ್ಟಿಯಾಗಿ ಕೂತಿತ್ತು, ಕಾಂಗ್ರೆಸ್ ಓಟು ದೇಶದ ಉದ್ದಗಲಕ್ಕೂ ಹರಡಿ ಬಹಳ ಕಡೆ ಎರಡನೇ ಸ್ಥಾನಕ್ಕೆ ಬಂತು. ಎರಡನೇ ಸ್ಥಾನಕ್ಕೆ ನಮ್ಮಲ್ಲಿ ಬೆಳ್ಳಿ ಪದಕ ಇಲ್ಲ.

ಇದು ಬ್ರಿಟಿಷರಿಂದ ಬಂದ ಪದ್ಧತಿ, ಅವರ ಮನೇಲೂ ಇದೇ ಪಾಡು. ನಮ್ಮ ರಿಸಲ್ಟ್ ಬಂದು ಸರಿಯಾಗಿ ಒಂದು ತಿಂಗಳಿಗೆ, 2024 ಜುಲೈ 4ಕ್ಕೆ ಅಲ್ಲಿ ಚುನಾವಣೆ ಆಯ್ತು, ಲೇಬರ್ ಪಾರ್ಟಿ ಬರೀ ಶೇ 33.7 ಓಟಿಗೆ 650ರಲ್ಲಿ 411 ಸೀಟು ಬಾಚ್ಕೊಳ್ತು, ರಿಫಾರ್ಮ್ ಅನ್ನೋ ಪಾರ್ಟಿ ಶೇ 14 ಓಟಿಗೆ 5 ಸೀಟು ತಗೊಂಡು ಬಾಯಿ ಬಡ್ಕೊಳ್ತು. ಪಕ್ಕದ ನೇಪಾಳದಲ್ಲಿ 275ರಲ್ಲಿ 165 ಸೀಟು ನಮ್ಮ ಥರ, ಉಳಿದ 110 ಓಟಿನ ಪಾಲಿನ ಪ್ರಕಾರ ಹಂಚ್ತಾರೆ. ಅಲ್ಲಿ ಸರ್ಕಾರಗಳು ಎಷ್ಟು ದಿನ ಬಾಳ್ತವೆ ಅಂತ ನಿಮಗೂ ಗೊತ್ತು, ಹಾಗಾಗಿ ಅದೇ ಸರಿ ಇದು ತಪ್ಪು ಅಂತ ಹೇಳೋ ಧೈರ್ಯ ನನಗಿಲ್ಲ.

ಎಕ್ಸಿಟ್ ಪೋಲ್‌ನವರು ಮಣ್ಣು ಮುಕ್ಕಿದ್ದೂ ಇದೇ ಜಾಗದಲ್ಲಿ. ಜೂನ್ 1ರ ಸಂಜೆ ಹೆಚ್ಚಿನ ಚಾನೆಲ್‌ಗಳು ಎನ್‌ಡಿಎಗೆ, ಅಂದ್ರೆ ಬಿಜೆಪಿ ಕೂಟಕ್ಕೆ, 350ರ ಮೇಲೆ ಅಂದ್ರು, ಕೆಲವರ ಮೇಲಿನ ಅಂಕಿ 400 ಮುಟ್ಟಿತ್ತು. ಅವರು ಜನರನ್ನ ಕೇಳಿ ಅಂದಾಜು ಮಾಡೋದು ಓಟಿನ ಪರ್ಸೆಂಟು, ಆಮೇಲೆ ಅದನ್ನ ಸೀಟಾಗಿ ತಿರುಗಿಸಬೇಕು, ಮಹಾರಾಷ್ಟ್ರದಲ್ಲಿ ಒಂದೂವರೆ ಪರ್ಸೆಂಟಿಗೆ 14 ಸೀಟು ಹೋಗುತ್ತೆ ಅಂದ್ರೆ ಎರಡು ಪರ್ಸೆಂಟ್ ತಪ್ಪಿದವನ ಗತಿ ಏನಾಗಬೇಡ. ಆ ಎಕ್ಸಿಟ್ ಪೋಲ್ ನಂಬಿ ಜೂನ್ 3ರಂದು ಷೇರು ಪೇಟೆಯ ಸೆನ್ಸೆಕ್ಸ್ 2,500 ಪಾಯಿಂಟ್ ಏರ್ತು, ಮಾರನೇ ದಿನ 4,390 ಪಾಯಿಂಟ್ ಬಿತ್ತು. ನಮ್ಮ ಆಫೀಸಲ್ಲಿ ಅವತ್ತು ಮಧ್ಯಾಹ್ನ ಯಾರೂ ಯಾರ ಜೊತೆನೂ ಮಾತಾಡ್ಲಿಲ್ಲ.

ಮಾವನ ಆಟದ ಅನುಮಾನಕ್ಕೂ ಉತ್ತರ ಕೊಡಬೇಕಲ್ಲ. ಅವರೇ ಬೂತ್ ಏಜೆಂಟಾಗಿ ಕೂತವರು, ಓಟಿಂಗ್ ಮುಗಿದ ಮೇಲೆ ಈ ಮಿಷನ್‌ನಲ್ಲಿ ಇಷ್ಟು ಓಟು ಬಿದ್ದಿದೆ ಅಂತ ಫಾರಂ 17ಸಿ ಕಾಪಿ ಅವರ ಕೈಗೇ ಕೊಡ್ತಾರೆ, ಎಣಿಕೆ ದಿನ ಅದನ್ನ ಹೊಂದಿಸಿ ನೋಡಬಹುದು. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತಿನ ವಿವಿಪ್ಯಾಟ್ ಚೀಟಿ, ಅಂದ್ರೆ ಓಟು ಯಾರಿಗೆ ಬಿತ್ತು ಅಂತ ಪ್ರಿಂಟ್ ಆಗಿ ಡಬ್ಬಿಗೆ ಬೀಳೋ ಚೀಟಿ, ಎಣಿಸಿ ಮಿಷನ್ ಲೆಕ್ಕದ ಜೊತೆ ತಾಳೆ ನೋಡ್ತಾರೆ. ಎಲ್ಲ ಚೀಟಿನೂ ಎಣಿಸಿ ಅಂತ ಕೇಳಿದ್ದನ್ನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಆ ತೀರ್ಪು ಬಂದಿದ್ದು ಏಪ್ರಿಲ್ 26ಕ್ಕೆ, ಅವತ್ತೇ ಮಂಡ್ಯ ಸೇರಿ ನಮ್ಮ 14 ಕ್ಷೇತ್ರದಲ್ಲಿ ಓಟಿಂಗ್ ನಡೀತಿತ್ತು. "ಆ 17ಸಿ ಎಲ್ಲಿಟ್ಟಿದ್ದೀರಾ" ಅಂದೆ. "ದೇವರ ಮನೆ ಗೂಡಲ್ಲಿ" ಅಂದ್ರು. ಸರಿ ಹಂಗಾದ್ರೆ.

ಇನ್ನು ಉಳಿದಿದ್ದು ಸರ್ಕಾರದ ಲೆಕ್ಕ. 543ರ ಅರ್ಧ ದಾಟೋಕೆ 272 ಬೇಕು. ಬಿಜೆಪಿ ತನಗೆ 370, ಕೂಟಕ್ಕೆ 400 ದಾಟಿ ಅಂತ ಪ್ರಚಾರ ಮಾಡಿತ್ತು, ಬಂದಿದ್ದು 240, ಅಂದ್ರೆ 32 ಕಮ್ಮಿ. ಹತ್ತು ವರ್ಷದಲ್ಲಿ ಮೊದಲ ಸಲ ಸ್ವಂತ ಬಲ ಇಲ್ಲ. ಆದ್ರೆ ಚುನಾವಣೆಗೆ ಮುಂಚೆನೇ ಕಟ್ಕೊಂಡಿದ್ದ ಎನ್‌ಡಿಎ ಕೂಟಕ್ಕೆ 293 ಬಂದಿತ್ತು, ಹಾಗಾಗಿ ರಾಷ್ಟ್ರಪತಿ ಕರೆದಿದ್ದು ಅವರನ್ನೇ, ಜೂನ್ 9ಕ್ಕೆ ಮೋದಿ ಮೂರನೇ ಸಲ ಪ್ರಮಾಣ ತಗೊಂಡ್ರು, ಮಂಡ್ಯದಲ್ಲಿ ಗೆದ್ದ ಕುಮಾರಸ್ವಾಮಿ ಅವರಿಗೂ ಭಾರೀ ಕೈಗಾರಿಕೆ, ಉಕ್ಕು ಖಾತೆ ಸಿಕ್ತು. ಆ ಕಡೆ ಕಾಂಗ್ರೆಸ್‌ಗೆ ಸೋತ್ರೂ ಒಂದು ಲಾಭ ಆಯ್ತು, ಸದನದ ಹತ್ತನೇ ಒಂದು ಭಾಗ, ಅಂದ್ರೆ 55 ಸೀಟು ಇದ್ರೆ ಅಧಿಕೃತ ವಿರೋಧ ಪಕ್ಷದ ನಾಯಕನ ಕುರ್ಚಿ ಅನ್ನೋ ರೂಢಿ ಇದೆ, 44ಕ್ಕೂ ಸಿಗದ 52ಕ್ಕೂ ಸಿಗದ ಆ ಕುರ್ಚಿ 99ಕ್ಕೆ ಸಿಕ್ತು, ರಾಹುಲ್ ಗಾಂಧಿ ಕೂತ್ರು.

ಮಾವನಿಗೆ ಇದಕ್ಕಿಂತ ಜಾಸ್ತಿ ಆಸಕ್ತಿ ಇದ್ದಿದ್ದು ಯಾರು ಕೈ ಕೊಟ್ರೆ ಸರ್ಕಾರ ಬೀಳುತ್ತೆ ಅನ್ನೋದ್ರಲ್ಲಿ, ಪಂಚಾಯ್ತಿಯಲ್ಲಿ ಅವಿಶ್ವಾಸ ನೋಡಿದವರಲ್ವಾ. ಲೆಕ್ಕ ಹಾಕಿದ್ವಿ. ಕೂಟದಲ್ಲಿ ಆಂಧ್ರದ ಚಂದ್ರಬಾಬು ನಾಯ್ಡು ಅವರ ಟಿಡಿಪಿ 16, ಬಿಹಾರದ ನಿತೀಶ್ ಅವರ ಜೆಡಿಯು 12. ನಾಯ್ಡು ಒಬ್ಬರೇ ಹೋದ್ರೆ 277 ಉಳಿಯುತ್ತೆ, ನಡೆಯುತ್ತೆ. ನಿತೀಶ್ ಒಬ್ಬರೇ ಹೋದ್ರೆ 281, ಆರಾಮಾಗಿ ನಡೆಯುತ್ತೆ. ಇಬ್ಬರೂ ಹೋದ್ರೆ 265, ಆಗ ಕಷ್ಟ. "ಅಂದ್ರೆ ಇಬ್ರೂ ಒಂದೇ ಟೈಮಲ್ಲಿ ಮುನಿಸ್ಕೋಬೇಕು ಅನ್ನು, ಅದು ಆಗಾಕಿಲ್ಲ ಬುಡು" ಅಂತ ಫೋನ್ ಇಟ್ರು.

ಜುಲೈ 23ಕ್ಕೆ ಬಜೆಟ್. ಆಂಧ್ರದ ಅಮರಾವತಿಗೆ 15,000 ಕೋಟಿ ಹೊಂದಿಸಿ ಕೊಡ್ತೀವಿ, ಬಿಹಾರದ ರಸ್ತೆಗಳಿಗೆ 26,000 ಕೋಟಿ ಅಂತ ಸುದ್ದಿ ಬಂದು ಹತ್ತು ನಿಮಿಷಕ್ಕೆ ಮಾವನ ಫೋನು. ಹಲೋನೂ ಇಲ್ಲ ಏನೂ ಇಲ್ಲ. "16, 12. ನೋಡ್ದಾ?"